ಮುಚ್ಚುವ ಶಕ್ತಿ

ನನ್ನ ಕೆಲಸ ಇಷ್ಟೆ:
ಅರ್ಧ ಕಪ್ಪು ಅರ್ಧ ಬಿಳುಪಿನ ಅಂಗೈಯಗಲದ ಕಾರ್ಡು,
ಅದರ ಮೇಲೆ ಹೊಸ ಬಣ್ಣದ ಒಂದು ಎಳೆತ.
ಒಣಗಿದ ಮೇಲೆ ಕಪ್ಪು ಇಣುಕಿದರೆ ಬ್ಯಾಚು ವಾಪಸು,
ಇಣುಕದಿದ್ದರೆ ಸಹಿ.
ಶಾರ್ಜಾದ ಸಜಾದಲ್ಲಿ, ತಗಡಿನ ಮಾಡಿನ ಕೆಳಗೆ
ಹನ್ನೊಂದು ವರ್ಷದಿಂದ
ಕಪ್ಪು ಕಾಣದ ಹಾಗೆ ನೋಡಿಕೊಳ್ಳುತ್ತಿದ್ದೇನೆ.

ಇಪ್ಪತ್ತೈದು ಕಿಲೋದ ಚೀಲ.
ಮೇಲೆ ಬರೆದದ್ದು ಟೈಟಾನಿಯಂ ಡೈಆಕ್ಸೈಡ್,
ಮೋನಬ್ಬ ಕರೆಯುವುದು ಹಿಟ್ಟು.
ಚೀಲ ಹರಿದ ದಿನ ಅವನ ರೆಪ್ಪೆ, ಮೀಸೆ, ಕಿವಿಯ ಕೂದಲು
ಒಂದೇ ಗಳಿಗೆಯಲ್ಲಿ ಎಂಬತ್ತು ದಾಟುತ್ತವೆ.
ನೀರಿಗೆ ಕರಗದು, ಎಣ್ಣೆಗೆ ಕರಗದು,
ವಾಸನೆ ಇಲ್ಲ, ರುಚಿಯೂ ಇಲ್ಲ,
ನಾಲಗೆ ತುದಿಗೆ ಇಟ್ಟು ನೋಡಿದ್ದೇನೆ.
ಸುಣ್ಣವಾದರೂ ಸುಡುತ್ತದೆ. ಇದು ಸುಮ್ಮನಿರುತ್ತದೆ.
ಬಲ್ಲದ್ದು ಒಂದೇ ವಿದ್ಯೆ:
ಬಂದ ಬೆಳಕನ್ನು ಒಳಗೆ ಕರೆಯದೆ
ಹೊಸ್ತಿಲಿನಿಂದಲೇ ಚದುರಿಸಿ ಕಳಿಸುವುದು.

ಹುಟ್ಟಿದ್ದು ಮಾತ್ರ ಕರಿ ಮರಳಲ್ಲಿ.
ಗಂಗೊಳ್ಳಿಯಲ್ಲಿ ಅಲೆ ಹಿಂದೆ ಸರಿದಾಗ
ದಂಡೆಯ ಮೇಲೆ ಉಳಿಯುತ್ತಿತ್ತಲ್ಲ, ಕಾಡಿಗೆ ಎಳೆದಂತೆ,
ತಂಗಿ ಅಯಸ್ಕಾಂತ ಹಿಡಿದು ಅದಕ್ಕೆ ಮೀಸೆ ಬರಿಸುತ್ತಿದ್ದಳಲ್ಲ,
ಆ ಮರಳಿನ ದಾಯಾದಿ.

ತಿಳಿದ ಮೇಲೆ ನೋಡಿದಲ್ಲೆಲ್ಲ ಅದೇ.
ಹಲ್ಲುಜ್ಜುವ ಪೇಸ್ಟಿನಲ್ಲಿ. ಬಿಪಿ ಮಾತ್ರೆಯ ಮೇಲಂಗಿಯಲ್ಲಿ.
ಮಮ್ಜಾರ್ ದಂಡೆಯಲ್ಲಿ ಬಿಸಿಲಿಗೆ ಮಲಗಿದವರ ಮೂಗಿನ ಮೇಲೆ.
ರೋಲಾದ ಅಂಗಡಿಯಲ್ಲಿ ಮೋನಬ್ಬ ಹೆಂಡತಿಗೆಂದು ಕೊಂಡ
ಬೆಳ್ಳಗಾಗುವ ಕ್ರೀಮಿನಲ್ಲಿ.
"ಅವಳು ಕೇಳಿದ್ದಲ್ಲ, ನಾನೇ," ಅಂದ.
ಬಸ್ಸು ಬರುವವರೆಗೂ ಡಬ್ಬಿಯನ್ನು ತಿರುಗಿಸುತ್ತಲೇ ಇದ್ದ.

ತಪಾಸಣೆಯವರು ಬರುತ್ತಾರೆಂದು ಒಂದು ಜುಲೈಯಲ್ಲಿ
ಕ್ಯಾಂಪಿನ ಗೋಡೆಗೆ ಬಣ್ಣ. ನಮ್ಮದೇ ಡ್ರಮ್ಮು, ನನ್ನದೇ ಸಹಿ.
ನೀರಿನ ಟಾಂಕಿಯ ಪಕ್ಕದಲ್ಲಿ
ಗುಲ್‌ಜಮಾನ್ ಮಾರ್ಕರಿನಲ್ಲಿ ಎಳೆದಿಟ್ಟು ಹೋದ ಗೆರೆಗಳು:
ಸಂಬಳ ಬಾರದ ತಿಂಗಳಿಗೊಂದು, ಐದನೆಯದು ಅಡ್ಡ,
ಒಟ್ಟು ಏಳು.
ಕೆಳಗೆ ಯಾರದೋ ನಂಬರು, ಕೊನೆಯ ಅಂಕೆ ಅಳಿಸಿದ್ದು.
ಮೊದಲ ಕೈ ಬಳಿದಾಗ ಗೆರೆಗಳು ಬೂದಿಯಾದವು.
ಎರಡನೆಯ ಕೈಗೆ ಇಲ್ಲವಾದವು.
ರೋಲರ್ ಹಿಡಿದ ಹುಡುಗ ನನ್ನ ಕಡೆ ತಿರುಗಿ
"ಒಳ್ಳೆ ಮಾಲು," ಅಂದ.
ಹೌದು. ಒಳ್ಳೆ ಮಾಲು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಮ್ಮ ಹೇಳುತ್ತಿದ್ದುದು
ಬೇರೆ ಯಾರದೋ ಬಗ್ಗೆ ಅಂದುಕೊಂಡಿದ್ದೆ.

ಚೀಲದ ಮೇಲೆ ಬರೆಯದ ಒಂದು ಗುಣವೂ ಇದೆ ಅದಕ್ಕೆ.
ಅಗ್ಗದ ಜಾತಿಯದಾದರೆ, ಇಲ್ಲಿನ ಬಿಸಿಲು ಕುಡಿದು ಕುಡಿದು
ತನ್ನನ್ನು ಗೋಡೆಗೆ ಹಿಡಿದಿಟ್ಟ ಅಂಟನ್ನೇ ತಿನ್ನುತ್ತದೆ.
ಕ್ಯಾಂಪಿಗೆ ಹೋದದ್ದು ಅಗ್ಗದ್ದೇ.

ಮೂರು ಬೇಸಿಗೆ ಕಳೆದಿವೆ.
ಟಾಂಕಿಯಲ್ಲಿ ಕೈ ತೊಳೆಯುವ ಮೊದಲು
ಗೋಡೆಯನ್ನೊಮ್ಮೆ ಅಂಗೈಯಿಂದ ಒರೆಸಿ ನೋಡುತ್ತೇನೆ.
ಪುಡಿ ಬರುತ್ತಿದೆ.
ಗೆರೆ ಇನ್ನೂ ಕಂಡಿಲ್ಲ.