ಬರೀ ಕಾವು

ಕೊನೆಯ ಬನ್ನಿನ ತಟ್ಟೆ ಇಳಿದ ಮೇಲೆ
ಗೋಣಿಯಲ್ಲಿ ಸುತ್ತಿ ತಂದ ಲಾಜರಸ್ ಮೇಸ್ತ್ರಿ
ಸಿಲ್ವರ್ ಓಕಿನ ಎರಡು ಪಟ್ಟಿ.
ಅಮ್ಮತ್ತಿ ಕಡೆಯ ತೋಟದಲ್ಲಿ
ಮೆಣಸಿನ ಬಳ್ಳಿ ಹೊತ್ತು ನಿಂತಿದ್ದ ಮರ.

‘ಉರಿ ಬೇಡ ಮಮ್ಮದ್, ಬರೀ ಕಾವು ಸಾಕು.’

ವಿರಾಜಪೇಟೆ ಮಲಗಿತ್ತು.
ಒಲೆಯ ಬಾಯಿಂದ ಮೊದಲು ಗರಗಸದ ಪುಡಿ,
ಆಮೇಲೆ ತಳ ಹತ್ತಿದ ಬೆಲ್ಲ,
ಆಮೇಲೆ, ಹೆಸರು ಸಿಗುತ್ತಿಲ್ಲ,
ಉಮ್ಮ ಹುರಿಯುತ್ತಿದ್ದ ಕಾಫಿಗೆ ಹತ್ತಿರ,
ಕಾಫಿಯಲ್ಲ.

ಬೆಳಿಗ್ಗೆ ಬ್ರೆಡ್ಡು ಕೊಂಡವರೆಲ್ಲ ಕೇಳಿದರು:
ಏಲಕ್ಕಿ ಹಾಕಿದ್ದೀಯಾ?

ತಿಂಗಳು ಕಳೆದು ಗಿಟಾರು ತಂದ.
ಕತ್ತು ಜೇನಿನ ಬಣ್ಣ; ಬಳಿದದ್ದಲ್ಲ.
‘ನುಡಿಸು’ ಅಂದ.
ನನಗೆ ಸರಿಗಮವೂ ಬಾರದು.
ಮೂಗಿಗೆ ಹಿಡಿದೆ.

ಕೈಯ ಮೈದಾ ಕತ್ತಿನುದ್ದಕ್ಕೂ ಅಂಟಿತು.
ಅವನು ಒರೆಸಲಿಲ್ಲ,
ಹಾಗೇ ಪೆಟ್ಟಿಗೆಯಲ್ಲಿಟ್ಟ.