ನೇರಳೆಯ ಮಗ್ಗುಲಿಗೆ

ಬೀದರಿನ ಕೋಟೆಯೊಳಗೆ
ಬಿಸಿಲು ಕಾಣದ ಮೂಲೆಗಳಿವೆ.
ಶಹಾಬುದ್ದೀನ ಚಾಚಾ ಅಲ್ಲಿಂದ ಮಣ್ಣು ತರುತ್ತಾರೆ.
ಒಂದು ಚಿಟಿಕೆ ನಾಲಗೆಗೆ ಹಚ್ಚಿ
ಕಣ್ಣು ಮುಚ್ಚುತ್ತಾರೆ.
ಹೌದೆಂದರೆ ಚೀಲಕ್ಕೆ,
ಅಲ್ಲವೆಂದರೆ ಥೂ, ಮುಂದಿನ ಗೋಡೆ.
ಆ ಮಣ್ಣಲ್ಲಿ ಕುದಿಸಿದರೆ ಸತುವು ಕಪ್ಪಾಗುತ್ತದೆ,
ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.
ಯಾಕೆಂದು ಕೇಳಿದರೆ
"ಬಿಸಿಲು ನೋಡದ ಮಣ್ಣಿಗೆ ಹಸಿವು ಜಾಸ್ತಿರಿ."
(ರಸಾಯನಶಾಸ್ತ್ರದ ನನ್ನ ಗೆಳತಿ ಇದನ್ನು ಒಪ್ಪುವುದಿಲ್ಲ.)

ನಾನು ಮಣ್ಣು ನೋಡದ ಬಿಸಿಲಿನ ಪಾಠ ಮಾಡುವವಳು.
ನೇರಳೆಯಾಚೆಯ ಬೆಳಕು:
ಸಾವಿರಾರು ವರ್ಷ ನಡೆದು ಬಂದು
ನಮ್ಮ ಗಾಳಿಯ ಹೊಸ್ತಿಲಲ್ಲಿ ಓಝೋನಿನ ಕದ ತಟ್ಟಿ
ಅಲ್ಲೇ ತೀರಿಹೋಗುವಂಥದು.
ಅದನ್ನು ಎದುರುಗೊಳ್ಳಲೆಂದೇ
ಎಪ್ಪತ್ತೆಂಟರ ಜನವರಿಯಲ್ಲಿ ಒಂದು ದೂರದರ್ಶಕ ಮೇಲೇರಿತು.
"ಕನ್ನಡಿ ಎಷ್ಟು ದೊಡ್ಡದಿತ್ತು ಮೇಡಂ?" ಝರಣಪ್ಪ ಕೇಳಿದ.
ನಿಮ್ಮವ್ವ ಜೋಳ ಕೇರುವ ಮೊರದಷ್ಟು, ಅಂದೆ.
ಮೂರು ವರ್ಷ ಬಾಳಲಿ ಎಂದು ಕಳಿಸಿದ್ದರು.

ಅದರ ಒಡಲಲ್ಲಿ ಆರು ಬುಗುರಿ,
ದಿಕ್ಕು ತಪ್ಪದಂತೆ ಸದಾ ತಿರುಗುತ್ತಿರಬೇಕಾದವು.
ಒಂದು ನಿಂತಿತು. ಇನ್ನೊಂದು.
ಎಂಬತ್ತೈದರಲ್ಲಿ ನಾಲ್ಕನೆಯದೂ ನಿಂತಾಗ
ಕೆಳಗಿದ್ದವರು ಹೊಸ ನಡಿಗೆ ಕಲಿಸಿದರು.
ಗೋಡೆ ಸವರುತ್ತ ನಡೆಯುವ ಮುದುಕನ ಹಾಗೆ
ಅದು ಸೂರ್ಯನನ್ನೇ ಸವರುತ್ತ ನಡೆಯಿತು.

ಮರುವರ್ಷ ನಮ್ಮೂರಲ್ಲಿ ಕಣ್ಣಿನ ಶಿಬಿರ.
ಪೆಂಡಾಲಿನಡಿ ಚಾಚಾರ ಮೋತಿಬಿಂದು ತೆಗೆದರು.
ಅಂದರೆ ಕಣ್ಣಿನ ಮಸೂರವನ್ನೇ ತೆಗೆದರು,
ಬದಲಿಗೆ ಇನ್ನೊಂದು ಕೂರಿಸುವ ಅನುಕೂಲ ಅಲ್ಲಿರಲಿಲ್ಲ.
ಸೋಡಾಬಾಟಲಿ ತಳದಂಥ ಕನ್ನಡಕ ಕೊಟ್ಟು ಕಳಿಸಿದರು.
ಹಬ್ಬದೊಳಗೆ ಮತ್ತೆ ಉಳಿ ಹಿಡಿದಿದ್ದರು.

ಎಂಬತ್ತೇಳರಲ್ಲಿ ದಕ್ಷಿಣದ ಆಕಾಶದಲ್ಲಿ
ಒಂದು ನಕ್ಷತ್ರ ಸಿಡಿಯಿತು.
ಸತ್ತದ್ದು ಯಾರೆಂದು ಗುರುತು ಹಚ್ಚಿದ್ದು
ಆ ಕುಂಟು ದೂರದರ್ಶಕವೇ.
ಹೀಗೆ ಮೂರರ ಬದಲು ಹದಿನೆಂಟು ವರ್ಷ.
ತೊಂಬತ್ತಾರರ ಸೆಪ್ಟೆಂಬರಿನ ಕೊನೆಗೆ, ಒಂದೇ ಬುಗುರಿ ಉಳಿದಿರಲು,
ಇಂಧನ ಹೊರಗೆ ಚೆಲ್ಲಿ, ಬ್ಯಾಟರಿ ಬಸಿದು
ದನಿ ಆರಿಸಿದರು.
ಪತ್ರಿಕೆಯಲ್ಲಿ ನಾಲ್ಕು ಸಾಲು,
ತೊಗರಿ ಧಾರಣೆಯ ಕೆಳಗೆ.

ಅದೇ ವಾರ ಚಾಚಾ ಕಾಲೇಜಿಗೆ ಬಂದರು.
ಪ್ರಾಚಾರ್ಯ ಹಂಗರಗಿಯವರ ನಿವೃತ್ತಿ, ಬಿದರಿ ತಟ್ಟೆ ಕೊಡುವುದಿತ್ತು,
ಅಳತೆ ಕೇಳಬೇಕಿತ್ತು.
ಪ್ರಯೋಗಾಲಯದ ಕಿಟಕಿಗೆ ಕಂಬಳಿ ಕಟ್ಟಿ
ಪಾದರಸದ ದೀಪ ಹಚ್ಚಿದ್ದೆವು.
ಪ್ರಿಸಂ ದಾಟಿ ಬಂದ ಗೆರೆಗಳು:
ಹಳದಿ ಜೋಡಿ, ಹಸಿರು, ನೀಲಿ, ತುದಿಗೆ ನೇರಳೆ.
ಹುಡುಗರು ಸಾಲಾಗಿ ನೋಡಿ ಬರೆದುಕೊಂಡರು, ಐದು.
ಅಟೆಂಡರ್ ಘಾಳೆಪ್ಪನೂ ಬಗ್ಗಿ ನೋಡಿ ಐದು ಅಂದ.
ಚಾಚಾ ಕನ್ನಡಕ ಒತ್ತಿ ಹಿಡಿದು
ಬಹಳ ಹೊತ್ತು ಬಾಗಿಯೇ ಇದ್ದರು.
"ಆರು ಅದಾವಲ್ರೀ."
ಮತ್ತೊಮ್ಮೆ ನೋಡಿ ಅಂದೆ.
"ನೇರಳೆ ಮಗ್ಗುಲಿಗೆ ಇನ್ನೊಂದ್ ಅದರೀ ಮೇಡಂ.
ಬಣ್ಣ ಹೇಳಾಕ ಬರಲ್ಲ.
ಹಾಲಾಗ ನೀಲಿ ಬಿಟ್ಟಂಗ."

ನಾನು ಪುಸ್ತಕ ತೆರೆಯಲಿಲ್ಲ. ಗೊತ್ತಿತ್ತು,
ಅಲ್ಲೊಂದು ಗೆರೆ ಇದೆ.
ಮಸೂರವಿರುವ ಕಣ್ಣು ಅದನ್ನು ಒಳಗೆ ಬಿಡುವುದಿಲ್ಲ,
ನಮ್ಮ ಗಾಳಿಯ ಹಾಗೆಯೇ.
ಹತ್ತು ವರ್ಷದಿಂದ ಈ ಮನುಷ್ಯ
ಸಿದ್ದಿ ತಾಲೀಮಿನ ಓಣಿಯಲ್ಲಿ
ನಮಗಿಲ್ಲದ ಒಂದು ಬೆಳಕಿನಲ್ಲಿ
ಬೆಳ್ಳಿ ಬಡಿಯುತ್ತ ಕೂತಿದ್ದರು,
ಎಲ್ಲರಿಗೂ ಹೀಗೇ ಕಾಣುತ್ತದೆಂದುಕೊಂಡು.

ಝರಣಪ್ಪ ಐದನ್ನು ಹೊಡೆದು ಆರು ಬರೆದ.
ಕಂಡದ್ದಷ್ಟೇ ಬರೀಬೇಕು ಎಂದು
ಮತ್ತೆ ಐದು ಮಾಡಿಸಿದೆ.
ಮಾಡಿಸಬಾರದಿತ್ತೇನೋ.

ತಟ್ಟೆ ಬಂತು. ಅಂಚಿನಲ್ಲಿ ಬೆಳ್ಳಿಯ ಐದು ತಂತಿ.
ಅದರಾಚೆ, ಕಪ್ಪಿನಲ್ಲಿ,
ಬೆಳ್ಳಿ ತುಂಬದೆ ಬಿಟ್ಟ ಉಳಿಯ ಒಂದು ಗೀರು.
ಕಣ್ಣಿಗೆ ಸಿಗುವುದಿಲ್ಲ, ಬೆರಳಿಗೆ ಸಿಗುತ್ತದೆ.
ಹಂಗರಗಿಯವರ ಮನೆಯಾಕೆ ಚಂದ್ರಭಾಗಾಬಾಯಿ
ಕೊಬ್ಬರಿ ಎಣ್ಣೆ ಹಚ್ಚಿ ಒರೆಸುವಾಗಲೆಲ್ಲ
ಗಂಡನಿಗೆ ಹೇಳುತ್ತಾರಂತೆ:
"ಇಲ್ಲೊಂದು ಗೀರು ಬಿದ್ದದ ನೋಡ್ರಿ,
ಹೊಸದಿದ್ದಾಗಿಂದ."