ಗಂಟೆಯ ಕೋಲು

ಉರ್ವದ ಹೋಟೆಲಿನಲ್ಲಿ ಸಂಜೆ ಐದಕ್ಕೆ ನಾವು ನಾಲ್ವರು,
ಎರಡು ಪ್ಲೇಟು ಗೋಳಿಬಜೆ, ನಾಲ್ಕು ಚಾ.
ಹಂಚಿನ ಕಾರ್ಖಾನೆಯ ಚಿಮಣಿ ಇಲ್ಲಿಂದ ಕಾಣುವುದಿಲ್ಲ,
ಆದರೂ ಬಾಳಿಗರು
ಅದಕ್ಕೆ ಬೆನ್ನು ಹಾಕಿಯೇ ಕೂತರು.

ಬೋಳೂರಿನ ಹೊಳೆಬದಿ,
ಒಂದು ಕಾಲಕ್ಕೆ ಹಂಚು ಸುಡುತ್ತಿದ್ದ ಜಾಗದಲ್ಲಿ
ಇನ್ನೂರು ಚಾಪೆ, ಇನ್ನೂರು ನೆಟ್ಟಗಿನ ಬೆನ್ನು.
'ಗುರು ಅನ್ನಬೇಡಿ, ಸರ್ ಅಂದರೆ ಸಾಕು' ಎಂದವರು
ಬ್ಯಾಂಕಿನ ಕುರ್ಚಿಯಲ್ಲಿ ಮೂವತ್ತೊಂದು ವರ್ಷ ಸವೆಸಿದವರು.
ಮೊದಲ ದಿನವೇ ಹೇಳಿದ್ದರು,
ಮನಸ್ಸು ಲಾಕರಿನ ಹಾಗೆ, ಎರಡು ಕೀ ಬೇಕು,
ಒಂದು ನಿಮ್ಮಲ್ಲಿ, ಒಂದು ನನ್ನಲ್ಲಿ.
ಎಷ್ಟು ಚಂದ ಕಂಡಿತ್ತು ಆ ಮಾತು!
ಒಬ್ಬನೇ ತೆರೆಯಬೇಕಾಗಿಲ್ಲ ಅಂತ
ಹದಿನಾಲ್ಕು ನಂಬರಿನ ಬಸ್ಸಿನಲ್ಲಿ ನಾನು
ಮುಖ ಆಚೆ ಮಾಡಿ ಅತ್ತಿದ್ದೆ.

'ಅವರದು ತಪ್ಪಿಲ್ಲ' ಅಂದರು ಲೆಕ್ಕ ಬರೆದ ಬಾಳಿಗರು,
'ಅವರು ತೀರಿದ ಮೇಲೆ ಆ ಏಳು ಮಂದಿ ಟ್ರಸ್ಟಿಗಳು
ಎಲ್ಲ ಹಾಳು ಮಾಡಿದ್ದು.'
'ಏಳು ಮಂದಿಯನ್ನು ಆರಿಸಿದ್ದು ಯಾರು ಮಾರಾಯ್ರೆ?'
ಬಜೆ ಊದುತ್ತ ಕೇಳಿದಳು ಜೆಸಿಂತಾ.
ಪತ್ರಗಳೆಲ್ಲ ಟೈಪಾದದ್ದು ಅವಳ ಕೈಯಲ್ಲಿ,
ಯಾರು ಮೂರನೆಯ ಮೆಟ್ಟಿಲಿಗೆ ಅರ್ಹರು,
ಯಾರು ಇನ್ನು ಬರುವುದು ಬೇಡ,
ಎರಡಕ್ಕೂ ಒಂದೇ ಒಕ್ಕಣೆ, ಕೊನೆಗೆ 'ಪ್ರೀತಿಯಿಂದ'.
'ನನ್ನ ತಂಗಿಗೂ ನಾನೇ ಟೈಪು ಮಾಡಿದೆ.
ಕಾಗುಣಿತ ಎರಡು ಸಲ ನೋಡಿದೆ.'

ಚಟ್ನಿ ಬೇಕಾ ಅಂತ ಹುಡುಗ ಬಂದು ಹೋದ.

'ಆದರೂ ಒಬ್ಬ ಬೇಕಲ್ಲ,' ಬಾಳಿಗರು ಬಿಡಲಿಲ್ಲ,
'ದೋಣಿಗೊಬ್ಬ ತಾಂಡೇಲ ಬೇಡವಾ?'
'ಬೇಕು' ಅಂದ ಕರ್ಕೇರ, ದೋಣಿ ಗೊತ್ತಿದ್ದವನು,
'ದಡ ಮುಟ್ಟಿದ ಮೇಲೆ ಇಳಿಯಲಿಕ್ಕೆ ಬಿಡುತ್ತಾನೆ ತಾಂಡೇಲ.'
ಸರ್ ದನಿ ರೆಕಾರ್ಡು ಮಾಡಿದ್ದು ಇವನೇ.
ಕೆಮ್ಮು ಕತ್ತರಿಸಿ ತೆಗೆಯುತ್ತಿದ್ದ, ನಾಯಿ ಬೊಗಳಿದ್ದು ತೆಗೆಯುತ್ತಿದ್ದ.
ಒಂದು ದಿನ ಯಾರದೋ ಪ್ರಶ್ನೆಗೆ ಸರ್
'ನನಗೆ ಗೊತ್ತಿಲ್ಲ' ಅಂದಿದ್ದರಂತೆ.
'ಅದು ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ.'
'ತೆಗೆಸಿದ್ದು ಯಾರು?' ಬಾಳಿಗರ ಮುಖ ಕೆಂಪು.
'ಯಾರೂ ಹೇಳಲಿಲ್ಲ. ನಾನೇ ತೆಗೆದೆ.'

ನಾನು ಗಂಟೆ ಹೊಡೆಯುತ್ತಿದ್ದವನು.
ಮುಚ್ಚಲು ಒಂದು, ತೆರೆಯಲು ಒಂದು,
ನಡುವೆ ನಲವತ್ತು ನಿಮಿಷ.
ಒಂದು ಆಟಿಯ ಬೆಳಗ್ಗೆ ಜೋಂಪು ಹತ್ತಿ
ಕೋಲು ತೊಡೆಯ ಮೇಲೇ ಉಳಿಯಿತು.
ಎಚ್ಚರಾದಾಗ ಒಂದು ಗಂಟೆ ಹತ್ತು ನಿಮಿಷ.
ಇನ್ನೂರು ಮಂದಿ ಹಾಗೇ ಕೂತಿದ್ದರು.
ಯಾರದೋ ಮಂಡಿ ನಡುಗುತ್ತಿತ್ತು,
ಒಂದು ಮಗು ಚಡ್ಡಿ ಒದ್ದೆ ಮಾಡಿಕೊಂಡು
ಕಣ್ಣು ಬಿಗಿಹಿಡಿದಿತ್ತು.
ಸರ್ ಕೂಡ ಕಾಯುತ್ತಿದ್ದರು.
(ಆಮೇಲೆ ಅದಕ್ಕೆ ದೀರ್ಘಮೌನ ಎಂದು ಹೆಸರಾಯಿತು,
ತಿಂಗಳಿಗೊಮ್ಮೆ, ಐನೂರು ರೂಪಾಯಿ.)

ಇಷ್ಟನ್ನು ಹಿಂದೆಯೂ ಹೇಳಿದ್ದೆ, ನಕ್ಕಿದ್ದರು.
ಇವತ್ತು ಉಳಿದದ್ದನ್ನೂ ಹೇಳಿದೆ.
ಎಚ್ಚರಾದ ಕೂಡಲೇ ನಾನು ಹೊಡೆಯಲಿಲ್ಲ.
ಇನ್ನೂ ಐದು ನಿಮಿಷ ಸುಮ್ಮನೆ ನೋಡಿದೆ,
ಅಷ್ಟೂ ರೆಪ್ಪೆಗಳು ನನ್ನ ಒಂದು ಕೈಗಾಗಿ
ಕಾಯುತ್ತಿದ್ದದ್ದನ್ನು.
ಒಳ್ಳೆಯದಿತ್ತು ಮಾರಾಯ್ರೆ.
ತುಂಬ ಒಳ್ಳೆಯದಿತ್ತು.

ಯಾರೂ ನಗಲಿಲ್ಲ.
ಬಿಟ್ಟು ಬಂದ ದಿನ ಗಂಟೆ ಅಲ್ಲೇ ಇಟ್ಟು
ಕೋಲು ಮಾತ್ರ ತಂದಿದ್ದೆ.
ಈಗ ಚಮಚದಲ್ಲಿ ಹೊಡೆಯುತ್ತಾರಂತೆ.
ಚೀಲದಲ್ಲಿ ಈಗಲೂ ಉಂಟು ಆ ಕೋಲು,
ತುದಿಯ ಬಟ್ಟೆ ನನ್ನ ಬೆವರಿಗೆ ಕಪ್ಪಾಗಿದೆ.
ತೆಗೆದು ತೋರಿಸಬೇಕೆಂದಿದ್ದೆ. ತೋರಿಸಲಿಲ್ಲ.

ಚಾದ ಗ್ಲಾಸಿನ ತಳ ಒಣಗಿತು.
ಹೊತ್ತಾಯಿತು ಅಂತ ಎಲ್ಲರಿಗೂ ಗೊತ್ತುಂಟು,
ಯಾರೂ ಏಳುತ್ತಿಲ್ಲ.
ಹುಡುಗ ಬಿಲ್ಲು ಹಿಡಿದು ಬಂದು
ನಾಲ್ಕು ಮುಖವನ್ನೂ ನೋಡಿ ಕೇಳಿದ,
'ಯಾರ ಕೈಯಲ್ಲಿ ಕೊಡುವುದು?'

'ಇಡು' ಅಂದಳು ಜೆಸಿಂತಾ, 'ಅಲ್ಲೇ, ನಡುವಿಗೆ.'
ಫ್ಯಾನಿನ ಗಾಳಿಗೆ ಹಾರದ ಹಾಗೆ
ಅದರ ಮೇಲೊಂದು ಖಾಲಿ ಗ್ಲಾಸು.